ಬಾಯಲ್ಲಿ ಮಿಶ್ರಿ ಇರುವಷ್ಟು ಹೊತ್ತು

ಗುಂಜಿಯ ಸಿದ್ದಕ್ಕನ ಬಾಯಿ ಎರಡೇ ಬೆರಳು ಹಿಡಿಯುವಷ್ಟು ತೆರೆಯುತ್ತದೆ. ಆದರೂ ಇಡೀ ಖಾನಾಪುರ ತಾಲೂಕಿನಲ್ಲಿ ಅವಳಷ್ಟು ಮಾತಾಡುವ ಆಶಾ ಕಾರ್ಯಕರ್ತೆ ಇನ್ನೊಬ್ಬಳಿಲ್ಲ ಎಂದು ಅವಳ ಗಂಡ ಸಾತಪ್ಪ ಆಣೆ ಮಾಡಿ ಹೇಳುತ್ತಾನೆ. ಸಾತಪ್ಪ ರೈಲ್ವೆಯ ಗ್ಯಾಂಗ್‌ಮನ್. ದಿನವಿಡೀ ಹಳಿಯ ಗುಂಟ ನಡೆದು ಮನೆಗೆ ಬಂದು, ಹೆಂಡತಿಯ ಮಾತು ಕೇಳುತ್ತ ಉಂಡು ಏಳುವಾಗ, ಇದಕ್ಕಿಂತ ಗೂಡ್ಸ್ ಗಾಡಿಯ ಸಪ್ಪಳವೇ ಕಡಿಮೆ ಎಂದು ನಗುತ್ತಾನೆ.

ಬಾಯಿ ಹಾಗಾದದ್ದು ಮಿಶ್ರಿಯಿಂದ. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗಾಗುವ ತನಕ ಹುರಿದು, ಕುಟ್ಟಿ ಪುಡಿ ಮಾಡಿ, ಡಬ್ಬಿಯಲ್ಲಿ ತುಂಬಿಟ್ಟುಕೊಂಡು ಹಲ್ಲಿಗೆ ತಿಕ್ಕುವುದು. ತಿಕ್ಕುವುದು ಹೆಸರಿಗೆ, ಅರ್ಧ ಬಾಯಲ್ಲೇ ಉಳಿಯುತ್ತದೆ. ಈ ಸೀಮೆಯ ಹೆಣ್ಣುಮಕ್ಕಳು ಬೀಡಿ ಸೇದಿದರೆ ಮನೆತನದ ಮಾನ ಹೋಗುತ್ತದೆ, ಮಿಶ್ರಿ ಹಚ್ಚಿದರೆ ಹೋಗುವುದಿಲ್ಲ. ಅದನ್ನು ಹಲ್ಲುಪುಡಿ ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದಾರೆ. ಸಿದ್ದಕ್ಕನಿಗೆ ಹನ್ನೊಂದು ವರ್ಷವಿದ್ದಾಗ ಕಣಕುಂಬಿಯ ತವರುಮನೆಯಲ್ಲಿ ಹಲ್ಲುನೋವು ಬಂದಿತ್ತು. ತಾಯಿಯೇ ಬೆರಳಿಗೆ ಹಚ್ಚಿಕೊಂಡು ಮಗಳ ಬಾಯಲ್ಲಿಟ್ಟಳು. ನೋವು ಹೋಯಿತು, ಮಿಶ್ರಿ ಉಳಿಯಿತು. ಮೂವತ್ತನಾಲ್ಕನೆಯ ವರ್ಷಕ್ಕೆ ಗಲ್ಲದ ಒಳಗೊಂದು ಹುಣ್ಣಾಗಿ, ಬೆಳಗಾವಿಯ ಡಾಕ್ಟರರು ಅಷ್ಟು ಮಾಂಸವನ್ನು ಕೊಯ್ದು ತೆಗೆದರು. ಜೀವ ಉಳಿಯಿತು. ಅಂದಿನಿಂದ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ, ಚೂರು ಚೂರೇ ಒಳಗೆ ತುರುಕಿಕೊಂಡು ಉಣ್ಣುತ್ತಾಳೆ.

ಅವಳಿಗೊಂದು ವಿಚಿತ್ರ ಗುಣವಿತ್ತು. ಕೆಟ್ಟ ಸುದ್ದಿಯನ್ನು ಎಷ್ಟು ದಿನ ಬೇಕಾದರೂ ಹೊಟ್ಟೆಯಲ್ಲಿಟ್ಟುಕೊಂಡಾಳು. ಯಾವ ಹುಡುಗಿಯ ಬಸಿರು ಹೋಯಿತು, ಯಾವ ಗಂಡ ಯಾವ ರೋಗ ತಂದ, ಹದಿನೈದು ವರ್ಷದಲ್ಲಿ ಒಂದು ಮಾತೂ ಅವಳಿಂದ ಹೊರಬಿದ್ದಿಲ್ಲ. ಆದರೆ ಒಳ್ಳೆಯ ಸುದ್ದಿ ಮಾತ್ರ ಒಂದು ಗಳಿಗೆ ನಿಲ್ಲುವುದಿಲ್ಲ. ಗಂಡುಕೂಸು ಹುಟ್ಟಿದ ಸುದ್ದಿಯನ್ನು ಹೆರಿಗೆಯಾದವಳ ಗಂಡನಿಗಿಂತ ಮೊದಲು ಸ್ಟೇಷನ್ ಮಾಸ್ತರರಿಗೆ ಹೇಳಿದ ಹೆಂಗಸು ಅವಳು. ಊರಿಗೆ ಇದೊಂದು ತಮಾಷೆಯಾಗಿತ್ತು.

ಮಿಶ್ರಿ ಬಿಡಿಸುವ ಕೆಲಸ ಮಾತ್ರ ಅವಳಿಂದ ಆಗಿರಲಿಲ್ಲ. ಮೇಲಿನಿಂದ ಪೋಸ್ಟರ್ ಬರುತ್ತಿದ್ದವು. ಕೊಳೆತ ದವಡೆ, ಕಿತ್ತುಬಂದ ನಾಲಿಗೆ. ಹೆದರಿಸಿದರೆ ಎಲ್ಲ ಸರಿಹೋಗುತ್ತದೆಂದು ನಂಬಿದವರು ಯಾರೋ ಆ ಚಿತ್ರ ಆರಿಸಿದ್ದರು. ಗುಂಜಿಯ ಸೊಸೆಯಂದಿರು ಅದನ್ನು ನೋಡಿ, "ಇದ ಯಾರ ಬಾಯಿ? ನಮ್ಮ ಸಿದ್ದಕ್ಕಂದೇನು?" ಎಂದು ಸೆರಗು ಮುಚ್ಚಿಕೊಂಡು ನಕ್ಕರು. ಮುದುಕಿ ಕಾಡವ್ವ ಪೋಸ್ಟರನ್ನು ಬೋರಲು ಹಾಕಿ ಅಡುಗೆಮನೆಯ ಗೋಡೆಗೂಡಿನಲ್ಲಿ ಹಾಸಿ, ಮೇಲೆ ಡಬ್ಬಿ ಜೋಡಿಸಿದಳು. ಸಿದ್ದಕ್ಕ ತನ್ನ ಬಾಯನ್ನೇ ತೋರಿಸಿ ಬೈದಳು. ಬೈದಷ್ಟೂ ಅವರು ಅವಳಿಗೆ ಸುಳ್ಳು ಹೇಳುವುದನ್ನು ಕಲಿತರು. "ಬಿಟ್ಟೇನ್ರಿ ಅಕ್ಕಾ" ಎನ್ನುವವರ ತೋರುಬೆರಳು ಕರ್ರಗೆ ಇರುತ್ತಿತ್ತು.

ಆ ಕರಿಬೆರಳಿನವರಲ್ಲಿ ಕಾಡವ್ವನ ಸೊಸೆ ಮಾಯಾಳೂ ಒಬ್ಬಳು. ಇಪ್ಪತ್ತೆರಡು ವರ್ಷ. ಗಂಡ ಸುಜಯ ಬೆಳಗಾವಿಯಿಂದ ಗೋವಾಕ್ಕೆ ತರಕಾರಿ ಗಾಡಿ ಹೊಡೆಯುತ್ತಾನೆ, ವಾರಕ್ಕೆ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಹಿಂದಿನ ವರ್ಷ ಅವಳ ಚೊಚ್ಚಲ ಕೂಸು ಒಂದೂವರೆ ಕಿಲೋ ತೂಕದ್ದು ಹುಟ್ಟಿ, ಒಂಬತ್ತನೆಯ ದಿನ ತೀರಿಕೊಂಡಿತ್ತು. ಆ ಕೂಸನ್ನು ಎದೆಗವಚಿಕೊಂಡು ಖಾನಾಪುರದ ಆಸ್ಪತ್ರೆಗೆ ಓಡಿದವಳು ಸಿದ್ದಕ್ಕನೇ. ದಾರಿಯಲ್ಲೇ ಅದು ತಣ್ಣಗಾದದ್ದು ಅವಳ ಕೈಗೆ ಗೊತ್ತಾಗಿತ್ತು. ಈಗ ದೀಪಾವಳಿ ಮುಗಿಯುವಷ್ಟರಲ್ಲಿ ಮಾಯಾ ಮತ್ತೆ ಎರಡು ತಿಂಗಳ ಬಸುರಿ. ತೂಕ ನಲವತ್ತೊಂದು ಕಿಲೋ. ದಿನಕ್ಕೆ ಮೂರು ಸಲ ಮಿಶ್ರಿ. ಈ ಕೂಸಾದರೂ ಉಳಿಯಬೇಕು ಎಂದು ಸಿದ್ದಕ್ಕ ಕಂಡ ದೇವರಿಗೆಲ್ಲ ಕೈಮುಗಿದಳು.

ಆಗ ಬಂದವಳು ಸೃಷ್ಟಿ. ಬೆಳಗಾವಿಯ ಖಾಸಬಾಗದ ಹುಡುಗಿ, ವಿನ್ಯಾಸ ಓದಿದವಳು. ತಂಬಾಕು ಬಿಡಿಸುವ ಕೆಲಸಕ್ಕೆಂದು ಒಂದು ಸಂಸ್ಥೆ ಅವಳನ್ನು ಆರು ತಿಂಗಳಿಗೆ ಕಳಿಸಿತ್ತು. ಪ್ಯಾಂಟು, ದೊಡ್ಡ ಕನ್ನಡಕ, ಹೆಗಲಿಗೊಂದು ಚೀಲ. ಸಿದ್ದಕ್ಕ ಮೇಲಿಂದ ಕೆಳಗೆ ನೋಡಿದಳು.

"ವಿನ್ಯಾಸ ಅಂದ್ರ ಏನ್ ತಂಗಿ?"

"ಮಂದಿ ಹೆಂಗ ಬದಕ್ತಾರ ನೋಡಿ, ಅವರ ಕಷ್ಟ ನಮಗ ತಿಳದ ಮ್ಯಾಲ, ಅವರಿಗಿ ಬೇಕಾದ್ದನ್ನ ಮಾಡಿಕೊಡೂದ್ರಿ ಅಕ್ಕಾರ. ಕುರ್ಚಿ ಇರಬಹುದು, ಡಬ್ಬಿ ಇರಬಹುದು."

"ನಮಗ ಕುರ್ಚಿ ಬ್ಯಾಡವಾ. ಈ ಹುಡಗ್ಯಾರ ಮಿಶ್ರಿ ಬಿಡಸು, ಸಾಕು."

"ಬಿಡಸೂದು ಆಮ್ಯಾಲರಿ. ಅದು ಅವರಿಗಿ ಯಾಕ ಬೇಕಾಗೇತಿ, ಮೊದಲ ಅದನ್ನ ನೋಡೂಣು."

ಯಾಕೆ ಬೇಕು? ಚಟ, ಮತ್ತೇನು! ಸಿದ್ದಕ್ಕನಿಗೆ ಸಿಟ್ಟು ಬಂತು. ಆದರೂ ಕರೆದುಕೊಂಡು ಹೋಗಿ ಮಾಯಾಳ ಹಿತ್ತಲಲ್ಲಿ ಕೂರಿಸಿದಳು. ಸೃಷ್ಟಿ ಎಂಟು ದಿನ ಬೆಳಗಿನ ಮೊದಲ ಗಾಡಿಗೆ ಬಂದಳು. ಬುದ್ಧಿ ಹೇಳಲಿಲ್ಲ, ಚಿತ್ರ ತೋರಿಸಲಿಲ್ಲ. ಮಾಯಾಳ ಜೊತೆ ಸಗಣಿ ಬಾಚಿದಳು, ನೀರು ಹೊತ್ತಳು, ರೊಟ್ಟಿ ತಟ್ಟಲು ಹೋಗಿ ನಗೆಪಾಟಲಾದಳು. ಮಧ್ಯೆ ಮಧ್ಯೆ ನೋಟ್‌ಬುಕ್ಕಿನಲ್ಲಿ ಗೀಟು ಎಳೆಯುತ್ತಿದ್ದಳು. ಎಂಟನೆಯ ದಿನ ಗುಂಜಿ ಸ್ಟೇಷನ್ನಿನ ಕಟ್ಟೆಯ ಮೇಲೆ ಗಾಡಿ ಕಾಯುತ್ತ ಆ ಪುಟವನ್ನು ಸಿದ್ದಕ್ಕನ ಮುಂದೆ ಹಿಡಿದಳು.

"ಇದೇನ್ ತಂಗಿ, ಇಷ್ಟೊಂದ ಗೀಟ?"

"ಮುಂಜಾನೆ ಎದ್ದಾಗಿಂದ ಹತ್ತ ಗಂಟೆತನಕ ಮಾಯಾನ್ನ ಅವರತ್ತಿ ಕರದದ್ದರಿ. ನಲವತ್ತೊಂದ ಸಲ. ಮಾಯಾ ನೀರ, ಮಾಯಾ ಎಮ್ಮಿ, ಮಾಯಾ ಒಲಿ. ಇಲ್ಲಿ ನೋಡ್ರಿ, ಇಲ್ಲಿ ಖಾಲಿ ಅದ."

ಎರಡು ಕಡೆ ಪುಟ ಖಾಲಿ ಇತ್ತು. ಆ ಹೊತ್ತಿಗೆ ಮಾಯಾ ಹಿತ್ತಲಲ್ಲಿ ಮಿಶ್ರಿ ಹಚ್ಚಿ ಕೂತಿದ್ದಳು. ಒಳಗಿನಿಂದ ಕಾಡವ್ವ ಕರೆದಾಗ ಮಾಯಾ ಕರಿ ಬೆರಳು ಎತ್ತಿ, ತುಟಿ ಮುಚ್ಚಿಕೊಂಡು "ಹುಂ" ಎಂದಿದ್ದಳು, ಅಷ್ಟೇ. "ಮಿಶ್ರಿ ಹಚ್ಚೀಯೇನ? ಆತ ಬಿಡು" ಎಂದು ಕಾಡವ್ವ ತಾನೇ ಹೋಗಿ ಎಮ್ಮೆಗೆ ನೀರಿಟ್ಟಿದ್ದಳು. ಕಾಡವ್ವನಿಗೂ ಮಿಶ್ರಿ ಬೇಕು. ಬಾಯಲ್ಲಿ ಮಿಶ್ರಿ ಇದ್ದವಳನ್ನು ಎಬ್ಬಿಸಬಾರದು ಎಂಬುದನ್ನು ಆ ಊರಿನ ಯಾವ ಅತ್ತೆಗೂ ಹೇಳಿಕೊಡಬೇಕಾಗಿರಲಿಲ್ಲ.

"ಹದಿನೈದ ಹದಿನೈದ ನಿಮಿಷರಿ. ಇಡೀ ದಿನದಾಗ ಆಕಿನ್ನ ಯಾರೂ ಕರೀದ ಹೊತ್ತು ಅದ ಒಂದ. ನೀವು ಮಿಶ್ರಿ ಬಿಡು ಅಂದ್ರ, ಆಕಿಗಿ ಅದನ್ನೂ ಬಿಡು ಅಂದಂಗ ಆಗತೈತಿ."

ಇದನ್ನು ಸಿದ್ದಕ್ಕ ಸಾವಿರ ಸಲ ನೋಡಿದ್ದಳು. ನೋಡುವುದೇನು, ಬದುಕಿದ್ದಳು. ಅತ್ತೆಯ ಮನೆಯ ಹಿಂದೆ ಹಲಸಿನ ಮರದ ಬುಡದಲ್ಲಿ ಇಪ್ಪತ್ತು ವರ್ಷ ಡಬ್ಬಿ ಹಿಡಿದು ಕೂತಿದ್ದು, ಬಾಯಿ ಉರಿದರೂ ಉಗುಳದೆ ಇನ್ನೆರಡು ನಿಮಿಷ ಕೂತಿದ್ದು, ಎಲ್ಲ ನೆನಪಾಯಿತು. ಚಟ ಅಂತ ತನ್ನನ್ನು ತಾನೇ ಬೈದುಕೊಂಡದ್ದೂ ನೆನಪಾಗಿ, ಯಾರ ಮೇಲೋ ಗೊತ್ತಿಲ್ಲದ ಸಿಟ್ಟು ಬಂತು.

"ನಾನೂ ಅದಕ್ಕ ಕುಂದರ್ತಿದ್ನಿ ತಂಗಿ" ಎಂದಳು. "ನನಗ ಗೊತ್ತ ಇರಲಿಲ್ಲ ನೋಡು."

ಅಲ್ಲಿಂದ ಕೆಲಸ ಶುರುವಾಯಿತು. ಕೂರುವ ಹೊತ್ತು ಉಳಿಯಬೇಕು, ತಂಬಾಕು ಹೋಗಬೇಕು. ಮಾಯಾ ಮತ್ತು ಅವಳ ಓರಿಗೆಯ ಇನ್ನಾರು ಸೊಸೆಯಂದಿರು ಬಾವಿಯ ಹತ್ತಿರ ಕೂತು ತಮಗೆ ಏನು ಬೇಕು ಅಂತ ಬಾಯಿಬಿಟ್ಟು ಹೇಳಿದರು. ಪುಡಿ ಕರ್ರಗೇ ಇರಬೇಕು. ಬಾಯಿ ಒಂಚೂರು ಉರಿಯಬೇಕು. ಬೆರಳಿಗೆ ಹತ್ತಬೇಕು. ಡಬ್ಬಿ ಹಳೆಯದೇ ಇರಬೇಕು, ಹೊಸದು ಕಂಡರೆ ಮನೆಯವರು ಕೇಳುತ್ತಾರೆ. ತಮ್ಮನ್ನು ಯಾರಾದರೂ ಹೀಗೆ ಕೇಳಿದ್ದು ಅವರಿಗೆ ಎಷ್ಟು ಹೊಸದಾಗಿತ್ತೆಂದರೆ, ಒಬ್ಬಳು ಮರಾಠಿಯಲ್ಲಿ ಹೇಳಿದ್ದನ್ನೇ ಕನ್ನಡದಲ್ಲೂ ಹೇಳಿದಳು, ಎಲ್ಲಿ ತಪ್ಪಿಹೋದೀತೋ ಎಂದು.

ಪುಡಿ ತಯಾರಾದದ್ದು ಖಾಸಬಾಗದಲ್ಲಿ, ಸೃಷ್ಟಿಯ ಮನೆಯ ಮಾಳಿಗೆಯ ಮೇಲೆ. ತೆಂಗಿನ ಚಿಪ್ಪು ಸುಟ್ಟು, ಕುಟ್ಟಿ, ಜರಡಿ ಹಿಡಿದು, ಲವಂಗ, ಓಮ, ಮೆಣಸು, ಉಪ್ಪು ಬೆರೆಸಿದರು. ಸಿದ್ದಕ್ಕ ನಾಲ್ಕು ರವಿವಾರ ಬಸ್ಸು ಹತ್ತಿ ಹೋದಳು. ಹೊಗೆಗೆ ಕೆಮ್ಮುತ್ತ ಸೃಷ್ಟಿಯ ತಾಯಿ ಕಾಂತಾ ಕೆಳಗಿನಿಂದ ಕೂಗುತ್ತಿದ್ದಳು: "ಏನ್ ಹೆಣಾ ಸುಡಾಕತ್ತೀರೇನ ಮ್ಯಾಲ?" ಬೈದರೂ ಸಿದ್ದಕ್ಕನ ಬಾಯಿಯ ಸ್ಥಿತಿ ನೋಡಿ ಮೆತ್ತಗೆ ಉಪ್ಪಿಟ್ಟು ಮಾಡಿ ಕಳಿಸುತ್ತಿದ್ದಳು. ಪ್ರತಿ ಪುಡಿಯ ರುಚಿ ನೋಡಿ ಸಿದ್ದಕ್ಕ ತಲೆ ಅಲ್ಲಾಡಿಸುತ್ತಿದ್ದಳು. ಐದನೆಯ ಪುಡಿಯನ್ನು ಕಣ್ಣು ಮುಚ್ಚಿ ಸವಿದಳು. "ಇದು ನಡೀತೈತಿ" ಎಂದಳು.

ಅದೇ ದಿನ ಮಾಳಿಗೆಯ ಮೇಲೆ, ನೀರಿನ ಟಾಕಿಯ ಹಿಂದೆ ಸೃಷ್ಟಿ ಸಿಗರೇಟು ಸೇದುತ್ತ ನಿಂತಿದ್ದನ್ನು ಸಿದ್ದಕ್ಕ ಕಂಡಳು. ಹುಡುಗಿ ಗಡಬಡಿಸಿ ಅದನ್ನು ಹಿಂದೆ ಮಾಡಿಕೊಂಡಳು. ಸಿದ್ದಕ್ಕನ ಬಾಯಿಗೆ ಬೈಗುಳ ಬಂದೇ ಬಿಟ್ಟಿತ್ತು, ನುಂಗಿಕೊಂಡಳು.

"ನಿನಗೂ ಯಾರರ ನಲವತ್ತ ಸಲ ಕರೀತಾರೇನ ತಂಗಿ?"

"ಕರಿಯೂದಿಲ್ರಿ. ಲಗ್ನ ಯಾವಾಗ, ನೌಕರಿ ಯಾವಾಗ ಅಂತ ಕೇಳ್ತಾರ. ಟಾಕಿ ಹಿಂದ ಬಂದ್ರ ಯಾರೂ ಕೇಳೂದಿಲ್ಲ." ಸೃಷ್ಟಿ ಸಿಗರೇಟನ್ನು ಗೋಡೆಗೆ ಒತ್ತಿ ಆರಿಸಿದಳು. "ಕಡಿಮಿ ಮಾಡಾಕತ್ತೇನ್ರಿ ಅಕ್ಕಾರ. ಖರೇನ."

ಮಾಯಾಳ ಹಿತ್ತಲಲ್ಲಿ ಈ ಹುಡುಗಿಗೆ ಕಂಡದ್ದು ತನಗೆ ಯಾಕೆ ಕಂಡಿರಲಿಲ್ಲ ಎಂಬುದು ಸಿದ್ದಕ್ಕನಿಗೆ ಆವತ್ತು ಸ್ವಲ್ಪ ಅರ್ಥವಾಯಿತು.

ಸಂಕ್ರಾಂತಿಯ ಮರುದಿನ ಏಳು ಮಂದಿಯ ಹಳೆಯ ಡಬ್ಬಿಗಳಲ್ಲಿ ಹೊಸ ಪುಡಿ ತುಂಬಿತು. ಮಾಯಾ ಸಿದ್ದಕ್ಕನ ಕೈ ಹಿಡಿದುಕೊಂಡಳು.

"ಅಕ್ಕಾ, ಇದು ತಂಬಾಕ ಅಲ್ಲಂತ ಮನ್ಯಾಗ ಗೊತ್ತಾಗಬಾರದು ನೋಡ್ರಿ. ಗೊತ್ತಾದ್ರ ಅತ್ತಿ ಕುಂದ್ರಾಕ ಬಿಡೂದಿಲ್ಲ."

"ಹುಚ್ಚಿ, ನಾ ಯಾಕ ಹೇಳಲಿ?"

ಮೊದಲ ಹದಿನೈದು ದಿನದ ಪಾಡು ಯಾರಿಗೂ ಬೇಡ. ತಲೆ ಸಿಡಿಯಿತು, ಕೈ ನಡುಗಿತು, ಹೊಟ್ಟೆ ಕಟ್ಟಿತು. ಮಾಯಾ ಒಂದು ದಿನ ರೊಟ್ಟಿಯ ಪರಾತವನ್ನೇ ಎತ್ತಿ ಒಗೆದಳು. ಬಸುರಿಗೆ ಪಿತ್ತ ಏರಿದೆ ಎಂದು ಸಿದ್ದಕ್ಕ ಸುಳ್ಳು ಹೇಳಿ ಸಂಭಾಳಿಸಿದಳು. ಎಲ್ಲಕ್ಕಿಂತ ಕಠಿಣವಾದದ್ದು ಇನ್ನೊಂದಿತ್ತು. ಅತ್ತೆಗೆ ಬೇಕಾದ ಮಿಶ್ರಿಯನ್ನು ವಾರಕ್ಕೊಮ್ಮೆ ಹಂಚಿನ ಮೇಲೆ ಹುರಿಯುವವಳು ಮಾಯಾಳೇ. ಆ ಹೊಗೆ ಮೂಗಿಗೆ ಬಡಿದಾಗ ಬಾಯಲ್ಲಿ ನೀರೂರಿ, ಕಣ್ಣಲ್ಲೂ ನೀರು ಬಂದು, ಸೆರಗನ್ನು ಹಲ್ಲಲ್ಲಿ ಕಚ್ಚಿಕೊಂಡು ಹುರಿಯುತ್ತಿದ್ದಳು. ಆದರೂ ತಡೆದಳು. ಏಳರಲ್ಲಿ ಇಬ್ಬರು ಸೋತರು, ಮಾಯಾ ಸೋಲಲಿಲ್ಲ. ಹಿತ್ತಲಲ್ಲಿ ಹದಿನೈದು ನಿಮಿಷ ಕೂತು, ಚಿಪ್ಪಿನ ಪುಡಿ ತಿಕ್ಕುತ್ತ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಒಳಗಿನ ಕೂಸಿಗೆ ಏನೋ ಹೇಳುತ್ತಿದ್ದಳು. ನಲವತ್ತೊಂದು ಕಿಲೋ ಇದ್ದವಳು ನಲವತ್ತೇಳಾದಳು. ತೂಕದ ಯಂತ್ರದ ಮೇಲೆ ಅವಳನ್ನು ನಿಲ್ಲಿಸಿದಾಗ ಸಿದ್ದಕ್ಕನಿಗೆ ತನಗೇ ಮಗಳು ಹುಟ್ಟಿದಷ್ಟು ಸಂತೋಷವಾಯಿತು.

ಆ ಸಂತೋಷವೇ ಮುಳುವಾಯಿತು.

ಏಳನೆಯ ತಿಂಗಳಿಗೆ ಕಾಡವ್ವ ಸೊಸೆಗೆ ಕುಬಸ ಮಾಡಿದಳು. ಕುಬಸ ಅಂದರೆ ಸೀಮಂತ, ಚೊಚ್ಚಲಿಗೆ ಮಾಡುವ ಶಾಸ್ತ್ರ. ಮೊದಲ ಕೂಸು ಉಳಿಯಲಿಲ್ಲವಾದ್ದರಿಂದ ಇದನ್ನೇ ಚೊಚ್ಚಲು ಅನ್ನಬೇಕು ಎಂದು ಮುದುಕಿ ಹಟ ಹಿಡಿದಿದ್ದಳು. ಹಸಿರು ಸೀರೆ, ಹಸಿರು ಬಳೆ, ಐದು ಥರದ ಅನ್ನ. ಅಂಗಳದಲ್ಲಿ ಓಣಿಯ ಹೆಂಗಸರೆಲ್ಲ ಸೇರಿದ್ದರು. ಮಾಯಾಳಿಗೆ ತವರಿನಲ್ಲಿ ತಾಯಿ ಇಲ್ಲ. ತಾಯಿಯ ಜಾಗದಲ್ಲಿ ನಿಂತು ಉಡಿ ತುಂಬು ಎಂದು ಕಾಡವ್ವ ಸಿದ್ದಕ್ಕನನ್ನೇ ಕರೆದಳು. ಉಡಿಯಲ್ಲಿ ಅಕ್ಕಿ, ಕೊಬ್ಬರಿ, ರವಿಕೆಯ ಕಣ ಹಾಕುವಾಗ ಬಸುರಿಯನ್ನು ಹೊಗಳಿ ನಾಲ್ಕು ಮಾತಾಡುವುದು ರೂಢಿ. ಸಿದ್ದಕ್ಕನಿಗೆ ಮಾತು ಕಡಿಮೆಯೇ?

"ನನ್ನ ಮಗಳು ಮೈ ತುಂಬ್ಯಾಳ ನೋಡ್ರಿ" ಎಂದು ಶುರು ಮಾಡಿದಳು. "ನೂರರಾಗ ಒಬ್ಬಾಕಿ ಈಕಿ. ಕಾಡವ್ವತ್ತಿ, ನಿನ್ನ ಸೊಸಿ ಮೂರ ತಿಂಗಳಾತು, ಒಂದ ಚಿಮಟಿ ತಂಬಾಕ ಮುಟ್ಟಿಲ್ಲ! ಆ ಡಬ್ಬ್ಯಾಗ ಇರೂದು ಬರೇ ಚಿಪ್ಪಿನ ಬೂದಿ. ಕೂಸಿನ ಸಲವಾಗಿ ಬಿಟ್ಟಾಳ. ಇಂಥಾ ಸೊಸಿ ಯಾರಿಗಿ ಸಿಗ್ತಾಳ?"

ಹೆಂಗಸರು "ಅಯ್ಯ ನಮ್ಮವ್ವಾ!" ಎಂದರು. ಕಾಡವ್ವ ದಂಗಾಗಿ ನಿಂತಳು. ಆಮೇಲೆ ಕಣ್ಣೊರೆಸಿಕೊಂಡು ಬಂದು ಸೊಸೆಯ ಕೆನ್ನೆ ಸವರಿ ನೆಟಿಗೆ ಮುರಿದಳು. ಅವಳ ಸಂತೋಷದಲ್ಲಿ ಒಂದಿಷ್ಟೂ ಸುಳ್ಳಿರಲಿಲ್ಲ. ಆದರೆ ಮಾಯಾ ಸಿದ್ದಕ್ಕನನ್ನು ನೋಡಿದಳು. ಬಳೆ ತುಂಬಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಸುಮ್ಮನೆ ನೋಡಿದಳು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ.

ಮರುದಿನ ಬೆಳಗ್ಗೆ ಮಾಯಾ ಹಿತ್ತಲಿಗೆ ಹೋಗಿ ಕೂತಳು. ಒಳಗಿನಿಂದ ಕಾಡವ್ವ ಕರೆದಳು. ಮಾಯಾ ಕರಿ ಬೆರಳು ಎತ್ತಿದಳು.

"ಬರೇ ಬೂದಿ ಅಲ್ಲೇನ ಅದು? ಉಗುಳಿ ಬಾ, ಎಮ್ಮಿ ಒದರಾಕತ್ತೇತಿ" ಎಂದಳು ಕಾಡವ್ವ. ಸಿಟ್ಟಿನಿಂದಲ್ಲ, ಹಾಲು ಕಾಯಿಸು ಎಂದಷ್ಟೇ ಸಲೀಸಾಗಿ. ಬೂದಿಯಿಂದ ಹಲ್ಲು ತಿಕ್ಕಲು ಎರಡು ನಿಮಿಷ ಸಾಕಲ್ಲ?

ಇದನ್ನೆಲ್ಲ ಮಾಯಾ ಸಿದ್ದಕ್ಕನಿಗೆ ಹೇಳಿದ್ದು ಹತ್ತು ದಿನದ ಮೇಲೆ. ಊರಿನ ಸಮೀಕ್ಷೆಯ ಕೆಲಸದಲ್ಲಿ ಓಡಾಡುತ್ತಿದ್ದ ಸಿದ್ದಕ್ಕ ಅಷ್ಟು ದಿನ ಆ ಕಡೆ ಹಾಯ್ದಿರಲಿಲ್ಲ. ಕೆಲಸವಿತ್ತು ನಿಜ, ಮಾಯಾಳ ಮುಖ ನೋಡಲು ಅಂಜಿಕೆಯೂ ಇತ್ತು. ಅಷ್ಟರಲ್ಲಿ ಸುದ್ದಿ ಉಳಿದ ಮನೆಗಳಿಗೂ ಮುಟ್ಟಿತ್ತು. ಐದು ಹಿತ್ತಲುಗಳಲ್ಲಿ ಐದು ಅತ್ತೆಯರು ಅದನ್ನೇ ಹೇಳಿದ್ದರು.

ಸಿದ್ದಕ್ಕ ಆವತ್ತೇ ಕಾಡವ್ವನ ಮುಂದೆ ಹೋಗಿ ಕೂತಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದಳು. ನಿನ್ನ ಸೊಸೆಗೆ ದಿನಕ್ಕೆ ಎರಡು ಸಲ ಸುಮ್ಮನೆ ಕೂರಲು ಬಿಡು, ಅಷ್ಟೇ. ಆದರೆ ಆ ಮನೆಯ ಅಂಗಳದಲ್ಲಿ ಕೂತು ಅದನ್ನು ಹೇಳುವುದು ಸುಲಭವಿರಲಿಲ್ಲ. ಸೊಸೆಗೆ ಚಟ ಇದೆ ಎಂದರೆ ಯಾರೂ ಏನೂ ಅನ್ನುವುದಿಲ್ಲ. ಸೊಸೆಗೆ ಕೂರಬೇಕಂತೆ ಎಂದರೆ ಅವಳು ಮೈಗಳ್ಳಿ. ಆ ಹೆಸರು ಒಮ್ಮೆ ಅಂಟಿದರೆ ತವರಿನ ತನಕ ಮುಟ್ಟುತ್ತದೆ. ಮೊದಲೇ ಒಂದು ಮಾತು ಹೆಚ್ಚಾಗಿ ಆಡಿ ಕೆಡಿಸಿದವಳು, ಈ ಸಲ ಬಾಯಿ ಬಿಗಿಹಿಡಿದಳು.

"ಬಸರಿ ಹೆಂಗಸಿಗಿ ಆರಾಮ ಬೇಕತ್ತಿ" ಎಂದಷ್ಟೇ ಅಂದಳು.

"ನಾವೇನ ಆಕಿ ಕಡಿಂದ ಕಲ್ಲ ಹೊರಸಾಕತ್ತೇವೇನ? ಮಧ್ಯಾಹ್ನ ಮಲ್ಕೊ ಅಂತ ನಾನ ಹೇಳ್ತೇನಿ. ಮಲ್ಕೊಳ್ಳಾಕ ಆಕೀನ ಒಲ್ಲಳು." ಕಾಡವ್ವ ಮೊಣಕಾಲು ತಿಕ್ಕಿಕೊಂಡಳು. "ನನ್ನ ಕಾಲು ಬಿದ್ದಾವು ಸಿದ್ದವ್ವಾ. ಆಕಿನ್ನ ಬಿಟ್ರ ನನಗ ಯಾರ ಅದಾರ?"

ಮೊಣಕಾಲು ಬಾತುಕೊಂಡಿದ್ದು ಸುಳ್ಳಲ್ಲ. ಸಿದ್ದಕ್ಕ ನೋವಿನ ಮುಲಾಮು ಕೊಟ್ಟು ಎದ್ದು ಬಂದಳು.

ಮೇ ತಿಂಗಳ ಒಂದು ಮಧ್ಯಾಹ್ನ ತೂಕ ಮಾಡಲು ಹೋದಾಗ ಮಾಯಾಳ ಉಸಿರಿನಲ್ಲಿ ಸುಟ್ಟ ತಂಬಾಕಿನ ವಾಸನೆ ಬಂತು. ಆ ವಾಸನೆಯನ್ನು ಸಿದ್ದಕ್ಕ ನಿದ್ದೆಯಲ್ಲೂ ಗುರುತು ಹಿಡಿಯಬಲ್ಲಳು.

"ಮಾಯಾ..."

"ಒಂದ ಹೊತ್ತ ಅಷ್ಟ ಅಕ್ಕಾ." ಹುಡುಗಿ ತಲೆ ಎತ್ತಲಿಲ್ಲ. "ಅತ್ತಿ ಮುಂದ ಕುಂತ ಹಚ್ಚಿದ್ನಿ. ವಾಸನಿ ನೋಡಿದಳು. 'ಬಿಡಾಕ ಆಗಲಿಲ್ಲೇನ? ಹೋಗ್ಲಿ, ಚಟ ಯಾರನ್ನ ಬಿಟ್ಟೈತಿ' ಅಂದಳು. ತಾನ ಹೋಗಿ ಎಮ್ಮಿಗಿ ನೀರ ಇಟ್ಟಳು."

ಒಂದು ಹೊತ್ತು ಎಂದದ್ದು ಹದಿನೈದು ದಿನದಲ್ಲಿ ಮೂರು ಹೊತ್ತಾಯಿತು. ಸಿದ್ದಕ್ಕ ಅತ್ತಳು, ಬೈದಳು, ಕಾಲು ಹಿಡಿಯಲು ಹೋದಳು. ಬೆಳಗಾವಿಗೆ ಫೋನು ಮಾಡಿದಳು. ಸಂಸ್ಥೆಯ ಕೆಲಸ ಮುಗಿದು, ವರದಿ ಬರೆದುಕೊಟ್ಟು ಸೃಷ್ಟಿ ಮನೆಯಲ್ಲಿದ್ದಳು. ವರದಿಯಲ್ಲಿ ಗುಂಜಿಯ ಐದು ಹುಡುಗಿಯರು ತಂಬಾಕು ಬಿಟ್ಟವರ ಪಟ್ಟಿಯಲ್ಲಿ ಇದ್ದರು.

"ನಾ ರವಿವಾರ ಬರ್ತೇನ್ರಿ ಅಕ್ಕಾರ. ಮತ್ತೊಂದ ಏನರ ಮಾಡೂಣು" ಎಂದಳು ಸೃಷ್ಟಿ. ಆ ರವಿವಾರ ಬಂದು ಮಾಯಾಳ ಜೊತೆ ಕೂತಳು. ಆದರೆ ಈ ಸಲ ಕೇಳಿದ್ದಕ್ಕೆಲ್ಲ ಮಾಯಾ "ಹೂಂ ರೀ" ಎಂದಳು. ಒಮ್ಮೆ ಬಾಯಿಬಿಟ್ಟು ಹೇಳಿ ಆದದ್ದೇ ಅವಳಿಗೆ ಸಾಕಾಗಿತ್ತು.

ಜೂನ್ ಮೊದಲ ವಾರ, ಮಳೆ ಹಿಡಿದ ದಿನ, ಕೂಸು ಹೊಟ್ಟೆಯಲ್ಲಿ ಆಡುವುದನ್ನು ನಿಲ್ಲಿಸಿತು. ಮಾಯಾ ಬೆಳಗ್ಗೆ ಅತ್ತೆಗೆ ಹೇಳಿದಳು. ಕಾಡವ್ವ ಸಕ್ಕರೆ ನೀರು ಕುಡಿಸಿ, ಎಡ ಮಗ್ಗುಲಾಗಿ ಮಲಗಿಸಿ, ಕೊಡೆ ಇಲ್ಲದೆ ಮಳೆಯಲ್ಲೇ ಕುಂಟುತ್ತ ಸಿದ್ದಕ್ಕನ ಮನೆಗೆ ಬಂದಳು. ಖಾನಾಪುರ ತಲುಪುವಷ್ಟರಲ್ಲಿ ಮಧ್ಯಾಹ್ನ. ಅಲ್ಲಿಂದ ಬೆಳಗಾವಿಗೆ ಕಳಿಸಿದರು. ದೊಡ್ಡ ಆಸ್ಪತ್ರೆಯ ಡಾಕ್ಟರಮ್ಮ ಹೊಟ್ಟೆಯ ಮೇಲೆ ಯಂತ್ರ ಇಟ್ಟು, ಆಚೆ ಈಚೆ ಸರಿಸಿ, ಮತ್ತೆ ಮೊದಲಿನ ಜಾಗಕ್ಕೇ ತಂದು ಇಟ್ಟರು. ಅವರ ಮುಖ ನೋಡುತ್ತಲೇ ಸಿದ್ದಕ್ಕನಿಗೆ ತಿಳಿಯಿತು.

ಸತ್ತ ಕೂಸನ್ನು ಹೆರಲು ಮಾಯಾ ಮರುದಿನ ಸಂಜೆಯ ತನಕ ನೋವು ತಿಂದಳು. ಹೆಣ್ಣುಕೂಸು. ಒಂದು ಕಿಲೋ ಏಳುನೂರು. ಕೈಬೆರಳು, ಉಗುರು, ಹುಬ್ಬು, ಎಲ್ಲ ಸರಿಯಾಗಿತ್ತು. ಗೋವಾದ ದಾರಿಯಿಂದ ತಿರುಗಿ ಬಂದ ಸುಜಯ ಕೂಸಿನ ಮುಖದ ಬಟ್ಟೆ ಸರಿಸಿ ನೋಡಿ, ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟ.

"ತಂಬಾಕು ಏನಾದರೂ ಇತ್ತೇ?" ಎಂದು ಡಾಕ್ಟರಮ್ಮ ಕೇಳಿದರು. "ಇಂಥದ್ದಕ್ಕೆ ಇದೊಂದೇ ಕಾರಣ ಅಂತ ಹೇಳಲಿಕ್ಕೆ ಬರುವುದಿಲ್ಲ. ಆದರೆ ಅದೂ ಒಂದು."

"ಇತ್ರಿ" ಎಂದಳು ಸಿದ್ದಕ್ಕ. "ನಡುವ ಮೂರ ತಿಂಗಳ ಬಿಟ್ಟಿದ್ದಳರಿ."

"ಬಿಟ್ಟವಳು ಮತ್ತೆ ಯಾಕೆ ಶುರು ಮಾಡಿದಳು?"

ಬಾಗಿಲ ಬಳಿ ನಿಂತಿದ್ದ ಕಾಡವ್ವ ಸಿದ್ದಕ್ಕನ ಮುಖ ನೋಡಿದಳು. ಸಿದ್ದಕ್ಕ ಮಾಯಾಳ ಮಂಚದ ಕಡೆ ತಿರುಗಿ ಅವಳ ಹೊದಿಕೆ ಸರಿಮಾಡಿದಳು.

ಊರಿಗೆ ಬಂದ ಆರನೆಯ ದಿನ ಸಿದ್ದಕ್ಕ ಬಾಣಂತಿಯ ತಪಾಸಣೆಗೆಂದು ಹೋದಳು. ಕೂಸಿಲ್ಲದಿದ್ದರೂ ಬಾಣಂತಿ ಬಾಣಂತಿಯೇ, ಜ್ವರ ನೋಡಬೇಕು, ರಕ್ತಸ್ರಾವ ಕೇಳಬೇಕು. ಮಾಯಾ ಒಳಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹಾಲು ಕಟ್ಟಿ ಎದೆ ಕಲ್ಲಾಗಿತ್ತು. ಸಿದ್ದಕ್ಕ ಬಿಸಿನೀರಿನ ಬಟ್ಟೆ ಇಟ್ಟು ಹಾಲು ಹಿಂಡಿ ತೆಗೆದಳು. ಮಾಯಾ ಅವಳ ಕಡೆ ತಿರುಗಲೂ ಇಲ್ಲ, ಕೈ ಸರಿಸಲೂ ಇಲ್ಲ.

ಹೊರಗೆ ಬಂದಾಗ ಕಾಡವ್ವ ಪಡಸಾಲೆಯಲ್ಲಿ ಕೂತಿದ್ದಳು. ಸಿದ್ದಕ್ಕ ಅವಳೆದುರು ಕೂತಳು. ಎಲ್ಲವನ್ನೂ ಹೇಳಿದಳು. ಸೃಷ್ಟಿಯ ಗೀಟುಗಳು, ಖಾಲಿ ಬಿಟ್ಟ ಜಾಗ, ಹದಿನೈದು ನಿಮಿಷ, ಬಾಯಲ್ಲಿ ತಂಬಾಕು ಇದ್ದರೆ ಮಾತ್ರ ಸಿಗುವ ಬಿಡುವು, ಮಾಯಾ ಕೈ ಹಿಡಿದು ಬೇಡಿಕೊಂಡದ್ದು, ತಾನು ಕುಬಸದ ದಿನ ಅದನ್ನು ಕೆಡಿಸಿದ್ದು. ಹೇಳುತ್ತ ಹೇಳುತ್ತ ಅಳು ಬಂದು, ತೆರೆಯದ ಬಾಯಿಂದ ಮಾತು ಅರ್ಧರ್ಧ ಹೊರಬಿತ್ತು. ಕಾಡವ್ವ ನಡುವೆ ಒಮ್ಮೆಯೂ ಬಾಯಿ ಹಾಕದೆ ಕೇಳಿದಳು.

"ಆ ಹುಡಗಿ ಎಂಟ ದಿನ ನನ್ನ ಹಿತ್ತಲದಾಗ ಕುಂತಳು" ಎಂದಳು ಕೊನೆಗೆ. "ಏಳು ಸೊಸೆಂದ್ರನ್ನ ಕೂಡಿಸಿ ಏನ ಬೇಕಂತ ಕೇಳಿದ್ರಿ. ನನ್ನ ಬಾಜೂಕ ಒಂದ ಗಳಿಗಿ ಯಾರೂ ಕುಂಡ್ರಲಿಲ್ಲ. ಮಿಶ್ರಿ ಬಿಟ್ಟಾಳಂತ ಓಣಿ ಮುಂದ ಸಾರಿದಿ ಸಿದ್ದವ್ವಾ. ಆಕಿಗಿ ಕುಂದ್ರೂದು ಬೇಕಾಗಿತ್ತಂತ ನನಗ ಒಬ್ಬಾಕಿಗಿ ಯಾಕ ಹೇಳಲಿಲ್ಲ?"

"ಹೇಳಿದ್ರ ಬಿಡ್ತಿದ್ದೇನತ್ತಿ?"

ಸುಳ್ಳು ಹೇಳಿ ಹಗುರಾಗುವ ಹೆಂಗಸಲ್ಲ ಕಾಡವ್ವ.

"ಗೊತ್ತಿಲ್ಲವ್ವಾ" ಎಂದಳು. "ನನಗೂ ಯಾರೂ ಕುಂದ್ರು ಅಂದಿಲ್ಲ. ಮಿಶ್ರಿ ಹಚ್ಚಿದಾಗ ನನ್ನತ್ತಿ ಕರೀತಿರಲಿಲ್ಲ, ನಾನೂ ಈಕಿನ್ನ ಕರೀಲಿಲ್ಲ. ಅಷ್ಟ ಗೊತ್ತಿತ್ತು ನನಗ. ಕೇಳಿದ್ರ ಏನ ಅಂತಿದ್ನೋ ಏನೋ. ಈಗ ಹೆಂಗ ಹೇಳ್ಲಿ?"

ಒಳಗಿನಿಂದ ಮಾಯಾ ನೀರು ಕೇಳಿದಳು. ಕಾಡವ್ವ ಗೋಡೆ ಹಿಡಿದು, ಬಾತ ಮೊಣಕಾಲಿನ ಮೇಲೆ ಕೈಯೂರಿ ಎದ್ದು, ತಂಬಿಗೆ ತುಂಬಿಕೊಂಡು ಒಳಗೆ ಹೋದಳು.